ಗುಡಿಸಿದ ನೆಲ

ನನ್ನ ಗಂಡನಿಗೆ ಕಸ ಕಂಡರೆ ಆಗದು. ಹಳೇ ಮನೆಗಳನ್ನು ಕಿತ್ತು ಹೊಸದು ಮಾಡಿಕೊಡುವ ಬಡಗಿಗೆ ಇದೊಂದು ವಿಚಿತ್ರ ಕಾಯಿಲೆ. ದಿನವಿಡೀ ಕೊಯ್ದು, ಕೆತ್ತಿ, ಒಡೆದು, ಸಂಜೆಯಾಗುತ್ತಿದ್ದಂತೆ ಕೆಲಸದವರನ್ನೆಲ್ಲ ಹೊರಗೆ ಅಟ್ಟಿ ತಾವೇ ಪೊರಕೆ ಹಿಡಿಯುತ್ತಿದ್ದರು. ಮೂಲೆಮೂಲೆ ಗುಡಿಸಬೇಕು, ಬಾಗಿಲ ಸಂದಿಯಲ್ಲಿ ಬೆರಳಾಡಿಸಿ ನೋಡಬೇಕು, ಆಮೇಲೆಯೇ ಮನೆಯ ದಾರಿ. ಕೆಲಸದವರು ಬೆನ್ನ ಹಿಂದೆ ‘ಪೊರಕೆ ಮೇಸ್ತ್ರಿ’ ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದವಳು ನಾನೊಬ್ಬಳು. ಇವರು ಮರದ ಕೆಲಸ ಮುಗಿಸಿದ ಕೋಣೆಗೆ ಬಣ್ಣ ಬಳಿಯುವವಳು ನಾನು. ಮನೆಯಲ್ಲೂ ಜೊತೆ, ಕೆಲಸದಲ್ಲೂ ಜೊತೆ, ಹಾಗಾಗಿ ಜಗಳಕ್ಕೆ ಬಿಡುವೇ ಇರುತ್ತಿರಲಿಲ್ಲ.

ಹೆಚ್ಚಿನ ಜಗಳ ನೀರಿನ ವಿಷಯಕ್ಕೆ. ಒಣ ನೆಲ ಗುಡಿಸಿದರೆ ದೂಳೆಲ್ಲ ಎದ್ದು ನನ್ನ ಹಸಿ ಬಣ್ಣದ ಮೇಲೆ ಕೂರುತ್ತದೆ. “ಸ್ವಲ್ಪ ನೀರು ಚಿಮುಕಿಸಿ ಗುಡಿಸ್ರೀ” ಎಂದರೆ, “ಒದ್ದೆ ಮಾಡಿದ್ರೆ ದೂಳು ಕೆಸರಾಗುತ್ತೆ ಕಣೇ, ಮರದ ನೆಲಕ್ಕೆ ಕಲೆ ಹಿಡಿಯುತ್ತೆ. ಒಣದಾಗಿ ಗುಡಿಸಿದ್ರೇನೇ ಚೊಕ್ಕ” ಎನ್ನುತ್ತಿದ್ದರು. ನಾನು ಗೊಣಗಿಕೊಂಡು ಬ್ರಷ್ ತೊಳೆಯಲು ಹೋಗುತ್ತಿದ್ದೆ. ಸರಿಯಾದ ಮಾತನ್ನೇ ಹೇಳುತ್ತಿದ್ದೆ. ಆದರೆ ನನ್ನ ಗೋಡೆ ಕೆಡಬಾರದು ಎಂದು ಹೇಳುತ್ತಿದ್ದೆನೇ ಹೊರತು ಬೇರೆ ಯಾವ ಜ್ಞಾನದಿಂದಲೂ ಅಲ್ಲ.

ನನ್ನ ನಾದಿನಿ ಹಳೆಯದೊಂದು ಸಣ್ಣ ಮನೆ ಕೊಂಡಳು. ಅವಳ ಗಂಡ ಹಡಗಿನಲ್ಲಿ ಕೆಲಸ ಮಾಡುವವನು, ಮನೆಯಲ್ಲಿರುವುದಕ್ಕಿಂತ ನೀರಿನ ಮೇಲಿರುವುದೇ ಹೆಚ್ಚು. ಅವಳಿಗೆ ಏನಾಗಬೇಕಾದರೂ ಅಣ್ಣನೇ. ಆಗಬೇಕಾದ್ದೇ. ತಾಯಿ ಹೋದಾಗ ಅವಳಿನ್ನೂ ಚಿಕ್ಕವಳು, ತಲೆ ಬಾಚಿ ಜಡೆ ಹಾಕುವುದನ್ನು ಇವರು ಕಲಿತದ್ದು ಅವಳಿಗಾಗಿ. ಬಡಗಿಯ ಕೈ ನೋಡಿ, ಜಡೆಯೂ ಹಗ್ಗದ ಹಾಗೆ ಬಿಗಿಯಾಗಿರುತ್ತಿತ್ತಂತೆ. ಈಗ ಅವಳಿಗೊಬ್ಬ ಮಗಳು, ಪುಟ್ಟಿ. ಆಗತಾನೇ ಸ್ಕೂಲಿಗೆ ಸೇರಿದ್ದಳು. ಮಾವನನ್ನು ಕಂಡರೆ ಆ ಹುಡುಗಿಗೆ ಬೇರೆ ಯಾರೂ ಬೇಡ. ಇವರಿಗೂ ಅಷ್ಟೇ. ತಂಗಿಯ ಮನೆ, ತಂಗಿಯ ಮಗಳು ಎಂದರೆ ಮುಖದ ಬಣ್ಣವೇ ಬದಲಾಗುತ್ತಿತ್ತು.

ಮುಂದಿನ ಕೋಣೆಯ ಮೇಲ್ಛಾವಣಿ ತೀರ ತಗ್ಗು. ಯಾವ ಕಾಲದಲ್ಲೋ ಯಾರೋ ಬೂದು ಬಣ್ಣದ ಚಪ್ಪಟೆ ಹಲಗೆಗಳನ್ನು ಅಡಿಯಿಂದ ಹೊಡೆದು, ಮೇಲೆ ಪದರ ಪದರವಾಗಿ ಸುಣ್ಣ ಬಳಿದಿದ್ದರು. “ಇದನ್ನ ಕಿತ್ತರೆ ಕೋಣೆ ಉಸಿರಾಡುತ್ತೆ” ಎಂದರು ಇವರು.

ತಂಗಿ, ಮಗು ಹಿಂದಿನ ಕೋಣೆಯಲ್ಲೇ ಉಳಿದರು. ತಿರುಪುಗಳು ತುಕ್ಕು ಹಿಡಿದು ಅಲುಗಲಿಲ್ಲ, ಸುತ್ತಿಗೆಯಲ್ಲಿ ಬಡಿದು ಒಂದೊಂದಾಗಿ ಇಳಿಸತೊಡಗಿದರು. ಇಳಿದ ಹಲಗೆ ಮೂಟೆಗೆ ಹಿಡಿಸದಿದ್ದರೆ ಮಂಡಿಗೆ ಕೊಟ್ಟು ಮುರಿದರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು, ನಾನು ಸೆರಗನ್ನು. ಕಲ್ನಾರು, ಆಸ್ಬೆಸ್ಟಾಸ್ ಎಂಬ ಹೆಸರು ನಾವು ಕೇಳದ್ದೇನಲ್ಲ. ಆದರೆ ಅದೆಂದರೆ ಮಾಡಿನ ಮೇಲಿನ ಅಲೆಅಲೆ ಶೀಟು ಎಂದೇ ನಮ್ಮ ತಿಳಿವಳಿಕೆ. ಸುಣ್ಣ ಬಳಿದ ಚಪ್ಪಟೆ ಹಲಗೆಯಲ್ಲೂ ಅದು ಕೂತಿರಬಹುದು ಎಂದು ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೆ?

ಪುಟ್ಟಿ ಸ್ಕೂಲಿನಿಂದ ಬರುವ ಹೊತ್ತಿಗೆ ನೆಲ ಕನ್ನಡಿಯಂತಿರಬೇಕು ಎಂಬುದು ಇವರ ಹಟ. ಬರಿಗಾಲಲ್ಲಿ ಓಡಾಡುವ ಮಗು, ಮೊಳೆ ಚುಚ್ಚೀತು, ಚೂರು ಚುಚ್ಚೀತು. ಆದ್ದರಿಂದ ಅವಳು ಬರುವ ಸ್ವಲ್ಪ ಮುಂಚೆ ಕೆಲಸ ನಿಲ್ಲಿಸಿ, ಕಿಟಕಿ ಮುಚ್ಚಿ (ಗಾಳಿಗೆ ದೂಳು ಹಿಂದೆ ಬರಬಾರದಲ್ಲ!) ಒಣ ಪೊರಕೆಯಿಂದ ಬರಬರನೆ ಗುಡಿಸುತ್ತಿದ್ದರು. ಬಾಗಿಲ ಸಂದಿಯಿಂದ ಬಿದ್ದ ಬಿಸಿಲಲ್ಲಿ ದೂಳು ಮಿನುಗುತ್ತಿತ್ತು. ನಾನು ಕೆಮ್ಮುತ್ತಾ ಬೈಯುತ್ತಿದ್ದೆ. ಅಷ್ಟರಲ್ಲಿ ಪುಟ್ಟಿ ಬಂದು ಚೀಲ ಎಸೆದು, ಆ ಚೊಕ್ಕ ನೆಲದ ಮೇಲೆ ಹೊಟ್ಟೆ ಕೆಳಗಾಗಿ ಮಲಗಿ ಚಿತ್ರ ಬರೆಯುತ್ತಿದ್ದಳು. “ನೋಡೇ, ನೆಲ ಹೇಗಿದೆ!” ಎಂದು ಇವರು ನನ್ನತ್ತ ಹೆಮ್ಮೆಯಿಂದ ನೋಡುತ್ತಿದ್ದರು.

ಅರ್ಧ ಛಾವಣಿ ಇಳಿದ ಮೇಲೆ, ಮೂಟೆಗಳನ್ನು ಕಟ್ಟಡದ ಕಸ ಸುರಿಯುವ ಅಂಗಳಕ್ಕೆ ಕೊಂಡೊಯ್ದ ದಿನ ವಿಷಯ ಹೊರಬಿತ್ತು. ಗೇಟಿನ ಕಾವಲುಗಾರ ಒಂದು ಮೂಟೆಯ ಬಾಯಿ ತೆರೆದವನೇ ಹಾವು ಕಂಡವನಂತೆ ಹಿಂದೆ ಸರಿದ. ಹೀಗೆ ತೆರೆದ ಮೂಟೆಯಲ್ಲಿ ಇದನ್ನು ಒಳಗೆ ಬಿಡುವ ಹಾಗಿಲ್ಲ, ಮೊದಲು ಪರೀಕ್ಷೆ ಮಾಡಿಸಿ ಎಂದ. ಇವರು ಅವನ ಮೇಲೆ ರೇಗಿದರು. ಆದರೆ ಮೂಟೆಗಳ ಬಾಯಿ ಬಿಗಿದು ಹಿಂದಕ್ಕೆ ತಂದರು. ಚೂರೊಂದನ್ನು ಪರೀಕ್ಷೆಗೆ ಕಳಿಸಿದೆವು. ಕಲ್ನಾರು ಇದೆ ಎಂದೇ ಉತ್ತರ ಬಂತು.

ಆಮೇಲೆ ಒಬ್ಬಾಕೆ ಮನೆ ನೋಡಲು ಬಂದಳು. ಹಳೇ ಕಟ್ಟಡಗಳಲ್ಲಿ ಕಲ್ನಾರು ಹುಡುಕಿ, ಅದನ್ನು ತೆಗೆಸುವುದೇ ಅವಳ ಉದ್ಯೋಗ. ಕೋಣೆಯ ಒಳಗೆ ಯಾರೂ ಕಾಲಿಡಬೇಡಿ ಎಂದು ಬಾಗಿಲಲ್ಲೇ ನಿಲ್ಲಿಸಿದಳು. ನಾದಿನಿ, ನಾನು, ಇವರು ಸಾಲಾಗಿ ನಿಂತೆವು. ಪುಟ್ಟಿ ಪಕ್ಕದ ಮನೆಯಲ್ಲಿದ್ದಳು.

“ಹಲಗೆ ಅದರ ಪಾಡಿಗೆ ಅದು ಮೇಲೆ ಇದ್ದಷ್ಟು ದಿನ ಏನೂ ಮಾಡ್ತಿರಲಿಲ್ಲ” ಎಂದಳು ಆಕೆ. “ಕೊರೆದ್ರೆ, ಒಡೆದ್ರೆ ನಾರು ಏಳುತ್ತೆ. ಕೂದಲಿಗಿಂತ ಸಣ್ಣದು, ಕಣ್ಣಿಗೆ ಕಾಣಲ್ಲ, ಉಸಿರಲ್ಲಿ ಹೋಗಿ ಶ್ವಾಸಕೋಶದಲ್ಲಿ ಕೂತುಬಿಡುತ್ತೆ. ಅದಕ್ಕೇ ಕೆಲಸ ಶುರು ಮಾಡೋಕೆ ಮುಂಚೆ ಪರೀಕ್ಷೆ ಮಾಡಿಸ್ಬೇಕು. ಇದೆ ಅಂತಾದ್ರೆ ಮನೆ ಖಾಲಿ ಮಾಡಿ, ಕೋಣೆಗೆ ಪ್ಲಾಸ್ಟಿಕ್ ಕಟ್ಟಿ, ಹಲಗೆ ಒದ್ದೆ ಮಾಡಿ, ಮುರೀದೆ ಇಡಿಯಾಗಿ ಇಳಿಸ್ಬೇಕು.” ಆಮೇಲೆ ನೆಲ ನೋಡಿದಳು. “ಇಷ್ಟು ಚೊಕ್ಕವಾಗಿದೆಯಲ್ಲ. ಗುಡಿಸಿದ್ದು ಯಾರು?”

ಸ್ಕೂಲಿನಲ್ಲಿ ಮೇಷ್ಟ್ರು ಕೇಳಿದರೆ ಎತ್ತುವ ಹಾಗೆ ಇವರು ಅರ್ಧ ಕೈ ಎತ್ತಿದರು.

“ಒಣದಾಗಿ?”

“ಹೂಂ. ದಿನಾ.”

ಆಕೆ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡಳು. ಇವರೇ ಬಿಡದೆ ಕೇಳಿದರು. “ಗುಡಿಸ್ದೆ ಹಾಗೇ ಬಿಟ್ಟಿದ್ದಿದ್ರೆ?”

“ಎಷ್ಟೋ ವಾಸಿ ಇತ್ತು” ಎಂದಳು ಆಕೆ. ಸುಳ್ಳು ಹೇಳುವ ಹೆಣ್ಣಲ್ಲ. “ನೆಲಕ್ಕೆ ಬಿದ್ದಿದ್ದನ್ನ ಪೊರಕೆ ಮತ್ತೆ ಗಾಳಿಗೆ ಎಬ್ಬಿಸುತ್ತೆ. ಗಂಟೆಗಟ್ಟಲೆ ಕೆಳಗೆ ಇಳಿಯಲ್ಲ ಅದು.”

ಪುಟ್ಟಿ ಬರುವ ಹೊತ್ತಿಗೆ ಸರಿಯಾಗಿ, ಕಿಟಕಿ ಮುಚ್ಚಿ, ಎಂದು ನಾವ್ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾದಿನಿಯ ಮುಖ ಬಿಳಿಚಿಕೊಂಡಿತು. ಇವರು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಾ ನಿಂತರು.

“ಮಗುಗೆ ಏನಾಗುತ್ತೆ?” ನಾದಿನಿ ಕೇಳಿದಳು.

“ಏನೂ ಆಗದೆ ಇರೋ ಸಾಧ್ಯತೆನೇ ಹೆಚ್ಚು. ಕೆಲವೇ ದಿನ ತಾನೇ. ವರ್ಷಾನುಗಟ್ಟಲೆ ಇದೇ ದೂಳಲ್ಲಿ ಕೆಲಸ ಮಾಡಿದೋರಿಗೆ ಅಪಾಯ ಹೆಚ್ಚು. ಡಾಕ್ಟರಿಗೆ ತಿಳಿಸಿಡಿ. ಆದ್ರೆ ಏನೂ ಆಗಲ್ಲ ಅಂತ ನಾನು ಬರೆದುಕೊಡೋಕಾಗಲ್ಲ. ಇದರ ಕಾಯಿಲೆ ಬಂದ್ರೂ ಈಗ ಬರಲ್ಲ. ಇಪ್ಪತ್ತು, ಮೂವತ್ತು ವರ್ಷ ಆಗಬಹುದು.”

ಕೆಂಡದಂಥ ಮಾತು ಆಡಿದ್ದರೂ ಸಹಿಸಬಹುದಿತ್ತು. ಇದು ಕೆಂಡವೂ ಅಲ್ಲ, ನೀರೂ ಅಲ್ಲ. ಹೆದರಬೇಕೋ ನೆಮ್ಮದಿಯಾಗಿರಬೇಕೋ ಗೊತ್ತಾಗದ ಹಾಗೆ ಮೂವತ್ತು ವರ್ಷ ಕಾಯಿರಿ ಎಂದರೆ ತಾಯಿಯಾದವಳು ಏನು ಮಾಡಬೇಕು? ಇಷ್ಟು ವರ್ಷ ಹಳೇ ಮನೆಗಳ ದೂಳು ಕುಡಿದ ನಮ್ಮಿಬ್ಬರ ಎದೆಯ ಬಗ್ಗೆ ಯಾರೂ ಕೇಳಲಿಲ್ಲ. ನನಗೂ ಅದು ಹೊಳೆದದ್ದು ಮನೆಗೆ ಬಂದ ಮೇಲೆ. ಇವರಿಗೆ ಇವತ್ತಿಗೂ ಹೊಳೆದಿಲ್ಲ.

ಮನೆ ಅಂದೇ ಖಾಲಿಯಾಗಬೇಕಿತ್ತು. “ನಮ್ಮನೆಗೆ ಬನ್ನಿ” ಎಂದೆ. ನಾದಿನಿ ನನ್ನ ಮುಖ ನೋಡಲಿಲ್ಲ. “ಬೇಡ ಅತ್ತಿಗೆ. ಅಣ್ಣನ ಕೆಲಸದ ಬಟ್ಟೆ ದಿನಾ ಅಲ್ಲೇ ತಾನೇ ಕೊಡವೋದು?” ಎಂದಳು. ಮೆತ್ತಗೆ, ಕೋಪವಿಲ್ಲದೆ ಹೇಳಿದಳು. ಸ್ನೇಹಿತೆಯೊಬ್ಬಳ ಮನೆಗೆ ಮಗುವನ್ನು ಕರೆದುಕೊಂಡು ಹೋದಳು. ಅವತ್ತೇ ನಮ್ಮ ಮನೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಇವರ ಬಟ್ಟೆಗಳನ್ನು ಒದ್ದೆ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕಲ್ನಾರು ತೆಗೆಯಲು ಬಂದವರ ಕೈಗೆ ಕೊಟ್ಟೆ.

ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಮುಖಕ್ಕೆ ಗಟ್ಟಿ ಮಾಸ್ಕು ತೊಟ್ಟವರು ಬಂದು ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಕಟ್ಟಿದರು. ಉಳಿದ ಹಲಗೆಗಳ ಮೇಲೆ ಮಂಜಿನಂತೆ ನೀರು ಸಿಂಪಡಿಸಿ, ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಮಲಗಿದ ಮಗುವನ್ನು ಎತ್ತುವ ಹಾಗೆ ಇಳಿಸಿದರು. ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ, ಮೇಲೆ ಅಪಾಯದ ಚೀಟಿ ಅಂಟಿಸಿದರು. ನೆಲ, ಗೋಡೆಗಳ ದೂಳನ್ನು ಸಣ್ಣ ನಾರನ್ನೂ ಹಿಡಿಯುವ ಬೇರೆ ಥರದ ವ್ಯಾಕ್ಯೂಮ್ ಯಂತ್ರದಿಂದ ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿದರು. ನಾರು ಹಿಡಿಯುವಂಥದ್ದೆಲ್ಲ ಹೋಗಬೇಕಿತ್ತು. ಹಾಸಿಗೆ ಹೋಯಿತು, ಪುಟ್ಟಿಯ ಬಟ್ಟೆಯ ಗೊಂಬೆಗಳು ಹೋದವು, ಇವರ ಪೊರಕೆಯೂ ಹೋಯಿತು. ಇವರು ದಿನವೂ ಬೀದಿಯ ಆಚೆ ಬದಿ ನಿಂತು, ತಿರುಪು ಬಿಚ್ಚುವವರನ್ನೇ ಕಿಟಕಿಯ ಪ್ಲಾಸ್ಟಿಕ್ಕಿನ ಮೂಲಕ ನೋಡುತ್ತಿದ್ದರು.

“ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಸಿದ್ರೆ ಬಿಚ್ತಿತ್ತು ಕಣೇ” ಎಂದರು ಒಮ್ಮೆ. “ನನಗೆ ಗೊತ್ತಿರೋ ಕೆಲಸನೇ ಅದು. ಬೇಗ ಮುಗಿಸೋಣ ಅಂತ ಬಡಿದುಬಿಟ್ಟೆ.”

“ಈಗ ಹೇಳಿ ಏನುಪಯೋಗ?” ಎಂದು ನಾನು ಸಿಡುಕಿದೆ. ಸಿಡುಕಬಾರದಿತ್ತು. ಆದರೆ ಸಿಡುಕದಿದ್ದರೆ ಅತ್ತುಬಿಡುತ್ತಿದ್ದೆ.

ಕೊನೆಗೆ ಗಾಳಿ ಪರೀಕ್ಷೆಯಾಯಿತು. ಮನೆ ಶುದ್ಧ, ವಾಸ ಮಾಡಬಹುದು ಎಂದರು. ಇವರು ಫೋನಿನ ಎದುರು ಕೂತೇ ಇದ್ದರು. ಬಾಯಲ್ಲಿ ಹೇಳದಿದ್ದರೂ ಇವರಿಗೆ ಬೇಕಾಗಿದ್ದದ್ದು ಒಂದೇ: ಆ ಮನೆಗೆ ತಂಗಿ ತಮ್ಮನ್ನು ಮತ್ತೆ ಕರೆಯಬೇಕು. ಬೇರೆ ಬಡಗಿಯನ್ನು ಕರೆದರೆ ಇವರು ಅಲ್ಲಿಗೆ ಮುಗಿದರು ಎಂದು ನನಗೆ ಗೊತ್ತಿತ್ತು.

ಅವಳು ಕರೆದಳು. “ಅಣ್ಣಾ, ಮೇಲೆಲ್ಲ ಖಾಲಿ ಖಾಲಿ ಇದೆ. ಹೊಸ ಹಲಗೆ ಯಾವಾಗ ಹೊಡೀತೀಯ?” ಎಂದಳು. ಇವರು ಮಗುವಿನ ಹಾಗೆ ನಕ್ಕರು. ಬೆಳಗ್ಗೆ ಎದ್ದು ಗಡ್ಡ ಹೆರೆದು, ಒಗೆದ ಅಂಗಿ ತೊಟ್ಟರು. ಹೊಸ ಹಲಗೆಯ ಜೊತೆ ಅದರಲ್ಲಿ ಏನೇನಿದೆ, ಏನಿಲ್ಲ ಎಂದು ಅಚ್ಚಾಗಿದ್ದ ಅಂಗಡಿಯ ಕಾಗದವನ್ನೂ ಹಿಡಿದುಕೊಂಡರು. ದಾರಿಯಲ್ಲಿ ಪುಟ್ಟಿಗೆಂದು ಬಣ್ಣದ ಪೆನ್ಸಿಲ್ ಕೊಂಡರು.

ನಾದಿನಿ ಬಾಗಿಲು ತೆಗೆದಳು, ನಕ್ಕಳು, ಕಾಫಿ ಕೊಟ್ಟಳು. ಎಲ್ಲ ಮೊದಲಿನ ಹಾಗೇ. ಇವರು ಒಳಗೆ ಇಣುಕಿದರು. “ಪುಟ್ಟಿ ಎಲ್ಲಿ? ಇವತ್ತು ರಜ ಅಲ್ವಾ?”

ಅವಳು ಲೋಟ ಎತ್ತಿಕೊಂಡಳು. “ಅವರಪ್ಪನ ಕಡೆ ಅಜ್ಜಿ ಮನೆಗೆ ಕಳಿಸಿದ್ದೀನಿ ಅಣ್ಣಾ. ನಿನ್ನ ಕೆಲಸ ಮುಗಿಯೋವರೆಗೂ ಅಲ್ಲೇ ಇರಲಿ ಅಂತ.”

ನನಗೆ ರಕ್ತ ಕುದಿಯಿತು. ಈ ಹಲಗೆಯಲ್ಲಿ ಏನೂ ಇಲ್ಲ ಕಣಮ್ಮ, ಬೇಕಾದರೆ ಆ ಕಾಗದ ಓದು ಎಂದು ಕೂಗಬೇಕೆನಿಸಿತು. ಬಾಯಿ ತೆರೆಯುವುದರೊಳಗೆ ಇವರು ನನ್ನ ಮೊಣಕೈ ಹಿಡಿದರು.

“ಒಳ್ಳೇದೇ ಮಾಡಿದೆ” ಎಂದರು ತಂಗಿಗೆ. “ಹಾಗೇ ಮಾಡ್ಬೇಕು. ಯಾರು ಕೆಲಸಕ್ಕೆ ಬಂದ್ರೂ ಮಗುನ ದೂರ ಇಡು. ನಾನು ಅಂತ ನೋಡ್ಬೇಡ.”

ಅವಳು ಅಡುಗೆಮನೆಗೆ ಹೋದಳು. ಅಲ್ಲಿ ನಲ್ಲಿಯ ನೀರು ತುಂಬ ಹೊತ್ತು ಸುರಿಯಿತು.

ಇವರು ಕೆಲಸ ಮಾಡಿದರು. ಅಷ್ಟು ನಾಜೂಕಾದ ಕೆಲಸ ಅವರ ಕೈಯಿಂದ ನಾನು ನೋಡಿರಲಿಲ್ಲ, ಮೆಚ್ಚಿ ಹೇಳಲು ಮನಸ್ಸಾಗಲಿಲ್ಲ. ಮುಗಿದ ದಿನ ನಾದಿನಿ ಗೇಟಿನವರೆಗೆ ಬಂದು, “ಮಗುನ ನಾಳೆ ಕರ್ಕೊಂಡು ಬರ್ತೀನಿ” ಎಂದಳು. ನೀವೂ ಬನ್ನಿ ಎಂದು ಹೇಳುತ್ತಾಳೇನೋ ಎಂದು ನಾವಿಬ್ಬರೂ ಒಂದು ಗಳಿಗೆ ಅಲ್ಲೇ ನಿಂತೆವು. ಅವಳು ಗೇಟಿನ ಚಿಲಕ ಹಾಕಿಕೊಂಡಳು.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಮ್ಮ ನಿಲ್ದಾಣ ಹತ್ತಿರ ಬಂದಾಗ ಹೇಳಿದರು: “ಅವಳು ನನ್ನನ್ನ ಕ್ಷಮಿಸಿದಾಳೆ ಕಣೇ, ಅದು ಗೊತ್ತು ನನಗೆ. ಆದ್ರೆ ಇನ್ನು ಆ ಮಗು ಯಾವಾಗ ಕೆಮ್ಮಿದ್ರೂ, ಸುಮ್ನೆ ನೆಗಡಿಗೆ ಕೆಮ್ಮಿದ್ರೂ, ಅವಳಿಗೆ ಮೊದಲು ನೆನಪಾಗೋದು ನಾನು.”

ಇಳಿಯಬೇಕಾದ ನಿಲ್ದಾಣ ದಾಟಿಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.