ಕಚ್ಚಿಕೊಂಡ ಸೀಟು

ಬೇರೆಯವರ ಮನೆಯ ಶೆಡ್ಡಿನ ನೆಲದ ಮೇಲೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ತಕರಾರಮ್ಮ ಸೈಕಲ್ಲಿನ ಹೊಟ್ಟೆಯಡಿ ಕೆತ್ತಿದ್ದ ಅಂಕಿಗಳನ್ನು ಓದುತ್ತಿದ್ದಳು. ಗಂಡ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹಳೆಯ ರಸೀದಿ ಹಿಡಿದುಕೊಂಡಿದ್ದ. ಅವಳು ಒಂದೊಂದೇ ಅಂಕಿ ಹೇಳುವುದು, ಇವನು ರಸೀದಿಯ ಮೇಲೆ ಬೆರಳಿಟ್ಟು "ಹೌದು" ಎನ್ನುವುದು. ಬಾಯಲ್ಲಿ ಟಾರ್ಚ್ ಇದ್ದುದರಿಂದ ಏಳು, ಎಂಟು ಎಲ್ಲವೂ ಬರೀ ಮುಲುಕಾಟದ ಹಾಗೆ ಕೇಳುತ್ತಿದ್ದವು. ಗಂಡ ಎಲ್ಲಕ್ಕೂ ಹೌದು ಎನ್ನುತ್ತಿದ್ದ.

"ನೋಡ್ತಾ ಇದೀರೋ, ಸುಮ್ನೆ ಹೂಂಗುಡ್ತಾ ಇದೀರೋ?" ಎಂದು ಅವಳು ಟಾರ್ಚ್ ತೆಗೆದು ಕೇಳಿದಳು.

"ಸುಮ್ನೆ ಹೂಂಗುಡ್ತಾ ಇದೀನಿ," ಎಂದು ಗಂಡ ಒಪ್ಪಿಕೊಂಡ. ಅವಳೇ ಎದ್ದು ರಸೀದಿ ಕಿತ್ತುಕೊಂಡು, ಮತ್ತೆ ಮಲಗಿ, ಮೊದಲಿನಿಂದ ಶುರುಮಾಡಿದಳು.

ಬಾಗಿಲಿಗೆ ಒರಗಿ ನಿಂತಿದ್ದ ಸೈಕಲ್ಲಿನ ಒಡೆಯ ನಗು ಮುಚ್ಚಿಕೊಳ್ಳಲು ಮೀಸೆ ಸವರಿಕೊಂಡ. ಅರವತ್ತು ದಾಟಿದ, ಬಾಗಿಲಿಗಿಂತ ಎರಡು ಬೆರಳಷ್ಟೇ ಗಿಡ್ಡಗಿದ್ದ ಆಸಾಮಿ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿ ನಿವೃತ್ತನಾದವನು, ಎಲ್ಲರ ಬಾಯಲ್ಲೂ ಕೋಚ್. "ಕದ್ದ ಮಾಲಲ್ಲಮ್ಮ," ಎಂದ.

"ಕದ್ದೋರೂ ಹಾಗೇ ಹೇಳ್ತಾರೆ ಸರ್," ಎಂದು ನೆಲದಿಂದ ಉತ್ತರ ಬಂತು.

ತಕರಾರಮ್ಮ ಎಂಬ ಹೆಸರನ್ನು ಇಟ್ಟವರು ಕಚೇರಿಯವರು, ಮನಸಾರೆ ಒಪ್ಪಿದವರು ಮನೆಯವರು. ಅವಳ ಕೆಲಸವೇ ಅಂಥದ್ದು. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳನ್ನು ಪರೀಕ್ಷಿಸಿ, ಹಗ್ಗ ಸವೆದಿದೆಯೇ, ಬ್ರೇಕು ಹಿಡಿಯುತ್ತದೆಯೇ ಎಂದು ನೋಡಿ, ದೋಷ ಕಂಡರೆ ಬಾಗಿಲಿಗೆ ಕೆಂಪು ಚೀಟಿ ಕಟ್ಟಿ ಬರುವುದು. ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಒಂದೇ ಮಾತು: 'ಬಳಸಬಾರದು'. ಆ ಚೀಟಿಗಳ ಒಂದು ಕಟ್ಟು, ದಾರ ಸಮೇತ, ಭಾನುವಾರವೂ ಅವಳ ಜೇಬಿನಲ್ಲಿರುತ್ತಿತ್ತು. ಒಮ್ಮೆ ಗಂಡನ ಬೇಕರಿಯ ಒಲೆಗೇ ಒಂದನ್ನು ಕಟ್ಟಿದ್ದಳು. ಅವತ್ತು ಬೀದಿಯವರಿಗೆಲ್ಲ ಬನ್ನಿಲ್ಲದ ಬೆಳಗು.

ಇಂಥವಳು ಅಂಗಡಿಗೆ ಹೋದರೆ ಏನಾಗಬೇಕೋ ಅದೇ ಆಗಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಸೋಫಾಕ್ಕೆಂದು ಬಿಟ್ಟ ಜಾಗ ವರ್ಷಗಳಿಂದ ಖಾಲಿ. ನೋಡಿದ ಒಂದೊಂದು ಸೋಫಾಕ್ಕೂ ಒಂದೊಂದು ಕೊರತೆ. ಗಂಡನೋ, ತೂತು ಬಿದ್ದ ಕೊಡೆಯನ್ನು ಬಣ್ಣ ಚೆನ್ನಾಗಿದೆಯೆಂದು ಕೊಂಡು ತಂದಿದ್ದವನು. "ಇಷ್ಟೆಲ್ಲ ನೋಡೋಳು ನನ್ನನ್ನ ಹೇಗೆ ಪಾಸ್ ಮಾಡಿದ್ಯೇ?" ಎಂದು ಅವನು ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಅವತ್ತು ಟಾರ್ಚ್ ತಂದಿರ್ಲಿಲ್ಲ."

ಆದರೆ ಈ ಸೈಕಲ್ಲಿನ ಆಸೆ ಸೋಫಾದಂಥದ್ದಲ್ಲ. ಒಂದು ಮುಂಜಾನೆ ಎತ್ತರದ ಕಟ್ಟಡವೊಂದರ ತಾರಸಿಯಲ್ಲಿ, ಲಿಫ್ಟಿನ ಯಂತ್ರದ ಕೋಣೆಗೆ ಬೀಗ ಹಾಕುತ್ತಾ ಕೆಳಗೆ ನೋಡಿದ್ದಳು. ಖಾಲಿ ರಸ್ತೆಯಲ್ಲಿ ಏಳೆಂಟು ಸೈಕಲ್ಲುಗಳು ಒಂದರ ಹಿಂದೊಂದು, ದಾರಕ್ಕೆ ಪೋಣಿಸಿದಂತೆ, ಸದ್ದಿಲ್ಲದೆ ಸಾಗಿಹೋದವು. ದಿನವಿಡೀ ಬರೀ ಮೇಲೆ ಕೆಳಗೆ ಓಡಾಡುವವಳಿಗೆ ಅವತ್ತು ಮುಂದಕ್ಕೆ ಹೋಗಬೇಕೆನಿಸಿತು. ಅಂದಿನಿಂದ ಊಟದ ಡಬ್ಬಿ ಬಿಚ್ಚಿದ ಕೂಡಲೇ ಅವಳು ಫೋನಿನಲ್ಲಿ ಓದುತ್ತಿದ್ದುದು ಕಾರ್ಬನ್ ಸೈಕಲ್ಲುಗಳ ಜಾತಕವನ್ನೇ. ಈ ಸೈಕಲ್ಲಿನದಂತೂ ಬಾಯಿಪಾಠ. ಫ್ರೇಮ್ ಒಂದು ಕಿಲೋಗಿಂತ ಕಡಿಮೆ, ಇಡೀ ಸೈಕಲ್ ಏಳು ಕಿಲೋ ಚಿಲ್ಲರೆ, ಹಿಂದೆ ಹನ್ನೆರಡು ಗೇರು, ಗೇರು ಬದಲಾಗುವುದು ತಂತಿಯಿಂದಲ್ಲ, ಬ್ಯಾಟರಿಯಿಂದ. ಡಿಸ್ಕ್ ಬ್ರೇಕು. ಫ್ರೇಮಿನ ಅಳತೆ ಐವತ್ತಾರು ಸೆಂಟಿಮೀಟರ್. ಹೊಸದು ಕೈಗೆಟುಕುವಂಥದ್ದಲ್ಲ. ಬಳಸಿದ್ದನ್ನು ಹುಡುಕಿ ಹೊರಟು ಇದಕ್ಕೂ ಮೊದಲು ಮೂರನ್ನು ನೋಡಿ, ಮೂರನ್ನೂ ಬೇಡವೆಂದು ಬಂದಿದ್ದಳು. ಈ ಬೆಳಿಗ್ಗೆ ಮನೆ ಬಿಡುವಾಗ ಗಂಡನಿಗೆ ಹೇಳಿದ್ದಳು, "ಇದೂ ಆಗಲಿಲ್ಲ ಅಂದ್ರೆ ಇನ್ನು ಸೈಕಲ್ಲಿನ ಸುದ್ದಿನೇ ಎತ್ತಲ್ಲ. ನನ್ನಂಥೋಳಿಗಲ್ಲ ಅಂದ್ಕೊಂಡು ಬಿಟ್ಬಿಡ್ತೀನಿ." ತಮಾಷೆಗೆ ಹೇಳಿದ್ದಲ್ಲವೆಂದು ಗಂಡನಿಗೆ ಗೊತ್ತಾಗಿತ್ತು. ಅದಕ್ಕೇ ಅವನು ಒಲೆಯಿಂದ ಆಗಷ್ಟೇ ಇಳಿಸಿದ ಬ್ರೆಡ್ಡೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದ. ಕೊಳ್ಳುವ ಮೊದಲೇ ಮಾರುವವನಿಗೆ ಉಡುಗೊರೆ ಕೊಡುವ ಗಿರಾಕಿಯನ್ನು ಕೋಚ್ ಅದುವರೆಗೆ ಕಂಡಿರಲಿಲ್ಲ.

ಅಂಕಿಗಳು ತಾಳೆಯಾದವು. ತಕರಾರಮ್ಮ ಎದ್ದು ಬೆನ್ನಿನ ಧೂಳು ಕೊಡವಿಕೊಂಡು, ಒಂದು ನಾಣ್ಯ ತೆಗೆದು, ಫ್ರೇಮಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋದಳು. ಕಿವಿ ಸೈಕಲ್ಲಿಗೆ ಅಂಟಿಕೊಂಡಂತಿತ್ತು. ಒಳಗೆಲ್ಲಾದರೂ ಬಿರುಕಿದ್ದರೆ ಸದ್ದು ಮಂಕಾಗುತ್ತದೆ, ಕಣ್ಣಿಗೆ ಕಾಣದ್ದು ಕಿವಿಗೆ ಸಿಗುತ್ತದೆ. ಟಿಕ್, ಟಿಕ್, ಟಿಕ್. ಎಲ್ಲ ಕಡೆ ಒಂದೇ ಸ್ವರ.

"ನಾನೂ ಬ್ರೆಡ್ಡನ್ನ ಹೀಗೇ ತಟ್ಟಿ ನೋಡೋದು," ಎಂದ ಗಂಡ ಉತ್ಸಾಹದಿಂದ. ಕಾಗದ ಬಿಚ್ಚಿ, ಬ್ರೆಡ್ಡನ್ನು ಬೋರಲು ಹಾಕಿ ಬೆರಳ ಗೆಣ್ಣಿನಿಂದ ಕುಟ್ಟಿದ. "ಕೇಳಿ, ಟೊಳ್ಳು ಸದ್ದು. ಒಳಗೆಲ್ಲ ಬೆಂದಿದೆ ಅಂತ ಅರ್ಥ."

ಕೋಚ್‌ಗೆ ಕುತೂಹಲ ತಡೆಯಲಿಲ್ಲ, ತಾನೂ ಬಂದು ಬ್ರೆಡ್ಡಿಗೆ ಕಿವಿಗೊಟ್ಟ. ಟೀ ತರುತ್ತಿದ್ದ ಅವನ ಹೆಂಡತಿಗೆ ಕಂಡದ್ದು ಸೈಕಲ್ಲಿಗೆ ಕಿವಿಯಿಟ್ಟ ಹೆಂಗಸು ಮತ್ತು ಬ್ರೆಡ್ಡಿಗೆ ಕಿವಿಯಿಟ್ಟ ಇಬ್ಬರು ಗಂಡಸರು. ಟೀ ತುಳುಕುವಷ್ಟು ನಕ್ಕಳು. ಕೋಚ್‌ನ ಭುಜಕ್ಕೂ ಬಾರದ ಗಿಡ್ಡ ಹೆಂಗಸು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಇಬ್ಬರಿಗೂ ಇದು ಎರಡನೇ ಮದುವೆ. ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಇಬ್ಬರು ಕೂತು ತುಳಿಯುವ ಹಳದಿ ಸೈಕಲ್ಲೊಂದು ಹೊಸ ಮದುಮಗನ ಹಾಗೆ ಮಿಂಚುತ್ತಾ ನಿಂತಿತ್ತು. ಅದು ಬಂದ ಮೇಲೇ ಒಂಟಿ ಸೈಕಲ್ಲು ಮಾರಾಟಕ್ಕೆ ಬಂದದ್ದು.

"ಒಬ್ಬರೇ ಹೋದ್ರೆ ಮಾತಾಡೋಕೆ ಯಾರೂ ಇರಲ್ಲ ಅಂತಾರೆ. ಹಿಂದೆ ಕೂತ್ಕೊಂಡು ನಾನು ತುಳೀತೀನೋ ಇಲ್ವೋ ಅಂತ ಇವರಿಗೆ ಗೊತ್ತಾಗೋದೇ ಇಲ್ಲ," ಎಂದಳು ಅವಳು.

"ಗೊತ್ತಾಗುತ್ತೆ. ಹೇಳಲ್ಲ ಅಷ್ಟೇ," ಎಂದ ಕೋಚ್.

ತಕರಾರಮ್ಮನಿಗೆ ಟೀ ಆರಿಹೋದದ್ದೂ ತಿಳಿಯಲಿಲ್ಲ. ಚಕ್ರಗಳನ್ನು ಎತ್ತಿ ತಿರುಗಿಸಿದಳು, ಕೂದಲೆಳೆಯಷ್ಟೂ ಓಲಾಡಲಿಲ್ಲ. ಮುಂದಿನ ಬ್ರೇಕು ಅದುಮಿ ಹಿಂದೆ ಮುಂದೆ ಅಲುಗಿಸಿದಳು, ಎಲ್ಲೂ ಗಡಗಡವಿಲ್ಲ. ಚೈನು ಸವೆದಿರಲಿಲ್ಲ. ಚೈನು ಬಡಿದು ಬಣ್ಣ ಎದ್ದ ಒಂದು ಜಾಗವನ್ನು ಉಗುರಿನಿಂದ ಕೆರೆದು ನೋಡಿದಳು, ಬಣ್ಣವಷ್ಟೇ ಹೋಗಿತ್ತು. ಮುಂದಿನ ಗಾಲಿ ಹಿಡಿದ ಫೋರ್ಕಿನ ಸಂದು, ಹಿಂದಿನ ಗಾಲಿ ಕೂರುವ ಜಾಗ, ಎಲ್ಲ ಕಡೆ ಟಾರ್ಚ್ ಹಾಯಿಸಿದಳು.

ದೋಷ ಸಿಗಲಿಲ್ಲ. ಖುಷಿಯಾಗಬೇಕಿತ್ತು, ಆದರೆ ಅವಳು ನೋಡಿದ್ದನ್ನೇ ಮತ್ತೊಮ್ಮೆ ನೋಡತೊಡಗಿದಳು. ಬೇಡ ಎನ್ನುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಬೇಕು ಎನ್ನುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಬೇಕು ಎಂದು ಕೊಂಡು ನಾಳೆ ಏನಾದರೂ ಆದರೆ? ಓಡಿಸಲು ಬಿಡುವಾಗದೆ ಮೂಲೆಗೆ ಬಿದ್ದರೆ? ಅದನ್ನೆಲ್ಲ ಟಾರ್ಚ್ ಹಿಡಿದು ನೋಡಲಾಗುತ್ತದೆಯೇ?

"ಎಲ್ಲ ಸರಿ ಇದೆ ಅಲ್ವಾ?" ಎಂದ ಗಂಡ ಮೆಲ್ಲಗೆ, ಹಕ್ಕಿ ಹಾರಿಹೋದೀತೆಂಬ ಭಯದಲ್ಲಿದ್ದವನಂತೆ.

"ಸೀಟು ಒಂದು ಸ್ವಲ್ಪ ಇಳಿಸಿ ನೋಡ್ತೀನಿ," ಎಂದು ಅವಳು ಚೀಲದಿಂದ ತಿರುಪು ಬಿಚ್ಚುವ ಕೀಲಿ ತೆಗೆದಳು.

ಕೋಚ್ ಇದ್ದಕ್ಕಿದ್ದಂತೆ ಛಾವಣಿ ನೋಡತೊಡಗಿದ. ಅವನ ಹೆಂಡತಿ ಅವನ ಪಕ್ಕೆಗೆ ತಿವಿದಳು. "ಈಗಲಾದ್ರೂ ಹೇಳ್ರೀ."

ತಕರಾರಮ್ಮ ತಿರುಪು ಸಡಿಲಿಸಿ ಸೀಟನ್ನು ತಿರುಗಿಸಿದಳು. ಅಲುಗಲಿಲ್ಲ. ಎರಡೂ ಕೈ ಹಾಕಿದಳು. ಸೀಟಿನ ಕಂಬ ಫ್ರೇಮಿನೊಳಗೆ ಒಡಹುಟ್ಟಿದ ಹಾಗೆ ಕೂತಿತ್ತು.

"ಕಚ್ಕೊಂಡಿದೆ," ಎಂದ ಕೋಚ್ ಕತ್ತು ತಗ್ಗಿಸಿ. "ವರ್ಷಗಟ್ಟಲೆ ಮುಟ್ಟಲೇ ಇಲ್ಲ ನೋಡಿ, ನನ್ನ ಅಳತೆಗೆ ಸರಿಯಾಗಿತ್ತು ಅಂತ. ಇಬ್ಬರು ಮೆಕ್ಯಾನಿಕ್ ನೋಡಿದ್ರು. ಇನ್ನೂ ಜೋರು ಮಾಡಿದ್ರೆ ಫ್ರೇಮೇ ಒಡೆಯುತ್ತೆ ಅಂತ ಬಿಟ್ರು."

"ಫೋನಲ್ಲಿ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದಕ್ಕೆಲ್ಲ ಹೇಳಿದೆನಲ್ಲಮ್ಮ. ಮುಕ್ಕಾಲು ಗಂಟೆ ಕೇಳಿದ್ರಿ. ಇದೊಂದನ್ನ ಮಾತ್ರ ಕೇಳ್ಲಿಲ್ಲ." ಅವನಿಗೇ ನಾಚಿಕೆಯಾಯಿತು. "ತಪ್ಪೇ. ಮುಂಚೆನೇ ಹೇಳಿದ್ರೆ ಯಾರೂ ಬರ್ತಿರ್ಲಿಲ್ಲ. ಬಂದವರಿಗೆ ಕಾಲು ಎಟುಕಲಿಲ್ಲ. ಒಬ್ಬರಂತೂ ಹತ್ತಿದೋರು ಇಳಿಯೋಕಾಗದೆ ಗೋಡೆ ಹಿಡ್ಕೊಂಡು ಕೂತುಬಿಟ್ರು."

ತಕರಾರಮ್ಮನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಯಾರಾದರೂ ಏನಾದರೂ ಎನ್ನುವ ಮೊದಲೇ ಸೈಕಲ್ಲಿನ ಹ್ಯಾಂಡಲಿಗೆ ಕೆಂಪು ಚೀಟಿ ಬಿದ್ದು, ದಾರಕ್ಕೆ ಎರಡು ಗಂಟು ಬಿದ್ದಾಗಿತ್ತು. 'ಬಳಸಬಾರದು'. ಕಟ್ಟಿದ ಮರುಕ್ಷಣ ಅವಳಿಗೆ ಹಾಯೆನಿಸಿತು. ಅದರ ಹಿಂದೆಯೇ ಆ ಚೀಟಿಯನ್ನು ನೋಡಲಾಗದೆ ಮುಖ ಆ ಕಡೆ ತಿರುಗಿಸಿಕೊಂಡು ಕೀಲಿಯನ್ನು ಚೀಲಕ್ಕೆ ಹಾಕಿದಳು.

"ಬನ್ರಿ, ಹೋಗೋಣ."

ಗಂಡ ಕದಲಲಿಲ್ಲ. ಅವನು ಕೋಚ್‌ನ ಕಾಲನ್ನು ನೋಡುತ್ತಿದ್ದ. ಆಮೇಲೆ ಹೆಂಡತಿಯ ಕಾಲನ್ನು ನೋಡಿದ.

ಆ ಕಾಲುಗಳದೇ ಒಂದು ಕಥೆ. ಹುಡುಗಿಯಾಗಿದ್ದಾಗ ಅಣ್ಣಂದಿರು ಅವಳನ್ನು ಕೊಕ್ಕರೆ ಎಂದು ಕರೆದು ಅಳಿಸಿದ್ದುಂಟು. ಯಾವ ಅಂಗಡಿಯ ಪ್ಯಾಂಟು ತಂದರೂ ಪಾದಕ್ಕಿಂತ ಗೇಣುದ್ದ ಮೇಲೆಯೇ ನಿಂತುಬಿಡುತ್ತಿತ್ತು. ಫೋಟೋಗಳಲ್ಲಿ ಅವಳು ಯಾವಾಗಲೂ ಹಿಂದಿನ ಸಾಲು, ಅದರಲ್ಲೂ ಸ್ವಲ್ಪ ಬಗ್ಗಿದ ಭಂಗಿ.

"ಒಂದ್ಸಲ ಕೂತು ನೋಡೇ," ಎಂದ ಗಂಡ.

"ಚೀಟಿ ಕಟ್ಟಾಗಿದೆ. ಚೀಟಿ ಕಟ್ಟಿದ್ದನ್ನ ಹತ್ತಬಾರದು."

"ಇದು ಲಿಫ್ಟಲ್ಲ ಕಣೇ. ಹೊಸದಾಗಿ ಕೆಲಸಕ್ಕೆ ಬಂದೋರಿಗೆ ಏನು ಹೇಳಿಕೊಡ್ತೀಯ? ದೋಷ ಬೇರೆ, ಅಪಾಯ ಬೇರೆ ಅಂತ ತಾನೇ? ದಿನಾ ಊಟದ ಹೊತ್ತಲ್ಲಿ ಕೇಳಿ ಕೇಳಿ ನನಗೇ ಬಾಯಿಗೆ ಬಂದಿದೆ. ಈಗ ಹೇಳು, ಈ ಸೀಟು ದೋಷನೋ, ಅಪಾಯನೋ?"

ಅವಳು ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. "ದೋಷ," ಎಂದಳು, ಎಳೆದು ಎಳೆದು.

"ಹಾಗಾದ್ರೆ ಹತ್ತು!"

ಕೋಚ್‌ನ ಹೆಂಡತಿ ಓಡಿಹೋಗಿ ಹೆಲ್ಮೆಟ್ ತಂದು ಅವಳ ತಲೆಗೆ ಹಾಕಲು ಹೋದಳು, ಎಟುಕಲಿಲ್ಲ. ತಕರಾರಮ್ಮ ಮೊದಲ ಬಾರಿಗೆ ನಕ್ಕು ಬಗ್ಗಿದಳು. ಗಂಡ ಹ್ಯಾಂಡಲ್ ಹಿಡಿದ, ಕೋಚ್ ಸೀಟು ಹಿಡಿದ. ಅವಳು ಟಾರ್ಚನ್ನು ಗಂಡನ ಕೈಗೆ ತುರುಕಿ, ಕಾಲು ಹಾಯಿಸಿ ಕೂತಳು. ಕೂತವಳು ಮೊದಲು ಮಾಡಿದ್ದು ಅಲ್ಲೂ ಪರೀಕ್ಷೆಯೇ. ಪೆಡಲನ್ನು ಪೂರಾ ಕೆಳಗೆ ತಂದು ಹಿಮ್ಮಡಿಯಿಟ್ಟಳು. ಹಾಗಿಟ್ಟಾಗ ಮಂಡಿ ಸರಿಯಾಗಿ ನೇರವಾಗಬೇಕು, ಕಾಲನ್ನು ಎಳೆದು ಚಾಚುವಂತಿರಬಾರದು, ಮಂಡಿ ಬಗ್ಗಲೂ ಬಾರದು.

ಕಾಲು ನೇರವಾಯಿತು. ಅಳೆದು ಹೊಲಿದಂತೆ. ಅವಳು ನಂಬದೆ ಇನ್ನೊಂದು ಕಾಲನ್ನೂ ನೋಡಿದಳು. ಅದೂ ಹಾಗೇ.

"ನನ್ನ ಅಳತೆ!" ಎಂದು ಕೋಚ್ ಕೂಗಿಯೇಬಿಟ್ಟ. "ಅಮ್ಮಾ, ಇಷ್ಟು ದಿನ ಎಲ್ಲಿದ್ರಿ?"

"ಹಿಂದಿನ ಸಾಲಲ್ಲಿ," ಎಂದ ಗಂಡ.

"ಒಂದೇ ಸುತ್ತು," ಎಂದು ಗೇಟು ದಾಟುವಾಗ ಅವಳು ಹೇಳಿದಳು. "ಪಾರ್ಕಿನ ಸುತ್ತ ಒಂದೇ ಒಂದು ಸುತ್ತು. ಬಂದು ಹೇಳ್ತೀನಿ."

ಮೊದಲ ಹತ್ತು ಮಾರು ಸೈಕಲ್ ಕುಡಿದವರ ಹಾಗೆ ತೂಗಾಡಿತು. ಅದರ ಹಗುರಕ್ಕೆ ಅವಳ ಕೈ ಒಗ್ಗಿರಲಿಲ್ಲ, ಬೇಡ ಎಂದುಕೊಳ್ಳುವಷ್ಟರಲ್ಲಿ ರಸ್ತೆ ತಿರುಗಿತು, ಅವಳೂ ತಿರುಗಿದಳು. ಬೆರಳು ಸೋಕಿದರೆ ಸಾಕು, ಝಿಕ್ ಎಂದು ಗೇರು ಬದಲಾಗುತ್ತಿತ್ತು. ಒಮ್ಮೆ ತುಳಿದರೆ ಮೂರು ಮನೆ ದಾಟುತ್ತಿದ್ದವು. ಪಾರ್ಕಿನ ಬೇಲಿ, ಬೆಂಚುಗಳು, ನಾಯಿ ಹಿಡಿದುಕೊಂಡು ನಿಂತ ಮುದುಕ, ಎಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಟ್ಟವು. ಗಾಳಿ ಪ್ಯಾಂಟಿನ ಗಿಡ್ಡ ಕಾಲುಗಳೊಳಗೆ ನುಗ್ಗಿತು, ಹ್ಯಾಂಡಲಿನ ಮೇಲೆ ಕೆಂಪು ಚೀಟಿ ಪಟಪಟನೆ ಬಡಿದುಕೊಂಡಿತು. ಇಲ್ಲೂ ಅವಳ ಬೆನ್ನು ಬಗ್ಗಿತ್ತು, ಆದರೆ ಎತ್ತರ ಮುಚ್ಚಿಟ್ಟುಕೊಳ್ಳಲಿಕ್ಕಲ್ಲ. ಅವಳು ಗಟ್ಟಿಯಾಗಿ ನಗುತ್ತಿದ್ದಳು, ಅದು ತನ್ನದೇ ನಗು ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ಗೇಟಿನ ಮುಂದೆ ಮೂವರೂ ನಿಂತು ಕಾಯುತ್ತಿದ್ದರು. ಅವಳು ನಿಲ್ಲಿಸಲಿಲ್ಲ.

"ಏನಾಯ್ತೇ?" ಎಂದು ಗಂಡ ಗಾಬರಿಯಿಂದ ಕೂಗಿದ.

"ಇನ್ನೊಂದು ಸುತ್ತು!"

ಎರಡನೇ ಸಲ ಬರುವಷ್ಟರಲ್ಲಿ ಬೀದಿಗೇ ಕುರ್ಚಿಗಳು ಬಂದಿದ್ದವು. ಕೋಚ್ ಈಜುಕೊಳದ ದಿನಗಳ ಸೀಟಿ ತಂದು ಊದುತ್ತಿದ್ದ. ಅವನ ಹೆಂಡತಿ ಬ್ರೆಡ್ಡು ಕತ್ತರಿಸುತ್ತಿದ್ದಳು.

"ಬೇಕು!" ಎಂದು ತಕರಾರಮ್ಮ ಕಿರುಚಿದಳು, ಬೀದಿಯ ಕಿಟಕಿಗಳೆಲ್ಲ ತೆರೆಯುವ ಹಾಗೆ. "ಸರ್, ನನಗೆ ಬೇಕು!" ಮತ್ತೆ ಮುಂದೆ ಹೋದಳು.

ಮೂರನೇ ಸುತ್ತಿಗೆ ಅವಳಿಗೆ ಏದುಸಿರು, ಬೆವರು. ನಿಲ್ಲಿಸುವುದೇ ಸರಿ ಎಂದುಕೊಂಡು ವೇಗ ಕಡಿಮೆ ಮಾಡಿದಳು. ಮೆಟ್ಟಿಲ ಮೇಲೆ ಗಂಡ ಕೂತಿದ್ದ, ಒಂದು ಕೈಯಲ್ಲಿ ಬ್ರೆಡ್ಡಿನ ಚೂರು, ಇನ್ನೊಂದು ಕೈಯಲ್ಲಿ ಅವಳ ಟಾರ್ಚ್. ಕಣ್ಣು ಅವಳ ಮೇಲೇ ಇತ್ತು. ಟಾರ್ಚ್ ಆರಿಸಲು ಅವನು ಮರೆತಿದ್ದ. ಒಂಬತ್ತು ಗಂಟೆಯ ಬಿಸಿಲಿನಲ್ಲಿ ಅದು ಸುಮ್ಮನೆ ಉರಿಯುತ್ತಿತ್ತು, ಬ್ಯಾಟರಿ ದಂಡವಾಗುತ್ತಿತ್ತು.

ಅವಳು ಅದನ್ನು ನೋಡಿದಳು. ಏನೂ ಅನ್ನದೆ, ಝಿಕ್ ಎಂದು ಗೇರು ಏರಿಸಿ, ಪಾರ್ಕಿನ ತಿರುವಿಗೆ ಹೊರಳಿದಳು.