ಗುಡುಗಿನಿಂದ ಉಳಿಸಿದ ರೂಟರ್

ರೂಟರಿಗೆ ಹೊಸ ಸಾಫ್ಟ್‌ವೇರ್ ಇಳಿಯುವಾಗ ಪ್ಲಗ್ ಕೀಳಬಾರದು. ಅದನ್ನು ಅತ್ತೆಗೆ ಹೇಳದೆಯೇ ಶ್ರೀವಲ್ಲಿ, ಸಾಫ್ಟ್‌ವೇರ್ ಇಳಿಯಲು ಬಿಟ್ಟು ಸಂತೆಗೆ ಹೋಗಿದ್ದಳು. ಅಷ್ಟರಲ್ಲಿ ಮಾನ್ವಿ ಊರಿನ ಮೇಲೆ ಗುಡುಗಿತು. ಅತ್ತೆ ಅಹಲ್ಯಾಬಾಯಿ ಎಂದಿನಂತೆ ಟಿವಿ, ಫ್ರಿಜ್ಜು, ರೂಟರ್ ಎಲ್ಲದರ ಪ್ಲಗ್ ಕಿತ್ತರು. ಹಾಳು ಮಳೆ ಒಂದು ಹನಿಯೂ ಬೀಳಲಿಲ್ಲ.

ಸಂತೆಯಿಂದ ಬಂದ ಶ್ರೀವಲ್ಲಿ ಸೀರೆಯ ಪಿನ್ನಿನಿಂದ ರೂಟರಿನ ರೀಸೆಟ್ ಗುಂಡಿ ಒತ್ತಿ ಹಿಡಿದಳು, ಅಡಾಪ್ಟರ್ ಬದಲಿಸಿದಳು. ಒಂದು ದೀಪವೂ ಹತ್ತಲಿಲ್ಲ. ರಾಯಚೂರಿನ ಅಂಗಡಿಯವನು ಫೋನಿನಲ್ಲೇ, "ಅರ್ಧಕ್ಕ ತೆಗದಿದ್ರ ಮುಗೀತ್ರಿ, ಇನ್ನ ಏಳಂಗಿಲ್ಲ," ಎಂದ.

ಇಂಟರ್ನೆಟ್ಟಿನಲ್ಲಿ ಬರುವ ಮಠದ ಪೂಜೆಯನ್ನು ಟಿವಿಯಲ್ಲಿ ಲೈವ್ ನೋಡದೆ ಅತ್ತೆ ಉಣ್ಣುವವರಲ್ಲ. ಫೋನಿನ ಸಣ್ಣ ಪರದೆ ಅವರ ಕಣ್ಣಿಗೆ ಕಾಣದು. ಮಡಿಯುಟ್ಟು ಕಪ್ಪು ಟಿವಿಯ ಮುಂದೆ ಕೂತಿದ್ದರು.

"ಊಟಕ್ಕ ಏಳ್ರಿ, ಅತ್ತಿ."

"ದರ್ಶನ ಆಗ್ಲಿ. ನೀ ಚಿಂತಿ ಮಾಡಬ್ಯಾಡ. ಗುಡುಗಿದ ಕೂಡ್ಲೇ ನಾನೇ ಪ್ಲಗ್ ತೆಗದೀನಿ, ಅದಕ್ಕೇನೂ ಆಗಿರೂದಿಲ್ಲ."