ಉಣ್ಣುವುದನ್ನು ನಿಲ್ಲಿಸಿದ ರಾಕ್ಷಸ

ನಕ್ಷತ್ರಗಳನ್ನು ಇನ್ನೂ ಯಾರೂ ಎಣಿಸದಿದ್ದ ಕಾಲದಲ್ಲಿ ಒಬ್ಬ ರಾಕ್ಷಸನಿದ್ದನಂತೆ. ಊರ ನಟ್ಟನಡುವೆ ಕೂತು ಸುತ್ತಲಿದ್ದುದನ್ನೆಲ್ಲ ಬಾಚಿ ಬಾಚಿ ತಿನ್ನುತ್ತಿದ್ದನಂತೆ. ತಿನ್ನುವಾಗ ಬಾಯಿಂದ ಉದುರುವ ಬೆಂಕಿಗೆ ಏಳೂರು ಬೆಳಗುತ್ತಿತ್ತಂತೆ. ಆಮೇಲೆ ಎಂದು ಕೇಳಿದರೆ ಅಜ್ಜಿ, "ತಿನ್ನೋಕೆ ಏನೂ ಉಳೀಲಿಲ್ಲ ಪುಟ್ಟಿ, ಸುಮ್ಮನಾದ," ಎನ್ನುತ್ತಿದ್ದಳು.

ನಾನು ಕೆಲಸ ಕಲಿಯುತ್ತಿದ್ದ ವೀಕ್ಷಣಾಲಯದ ಮೇಷ್ಟ್ರು ವರ್ಷಗಟ್ಟಲೆ ನೋಡುತ್ತ ಬಂದ ಗೆಲಾಕ್ಸಿಯೂ ಅಂಥದ್ದೇ. ಅದರ ನಡುವಿನ ಕಪ್ಪುಕುಳಿಗೆ ಬೀಳುವ ಅನಿಲ ತೀರುತ್ತ ಬಂದು ಬೆಳಕು ಆರುತ್ತಿದೆ ಎಂದು ಅವರು ಬಹುಕಾಲದಿಂದ ಹೇಳುತ್ತಿದ್ದರು. ಯಾರೂ ನಂಬಿರಲಿಲ್ಲ. ಶುಕ್ರವಾರ ಅವರ ನಿವೃತ್ತಿ. ಅಷ್ಟರೊಳಗೆ ಅದರ ಇಪ್ಪತ್ತೆಂಟು ವರ್ಷದ ಚಿತ್ರಗಳಲ್ಲಿ ನಡುವಿನ ಬೆಳಕನ್ನು ಅಳೆದು, ಅದರ ಏರಿಳಿತದ ಒಂದು ನಕ್ಷೆ ಬರೆದುಕೊಡುತ್ತೇನೆಂದು ಮಾತು ಕೊಟ್ಟಿದ್ದೆ.

ಶುಕ್ರವಾರ ಮಧ್ಯಾಹ್ನ ಮೂರಾದರೂ ನಕ್ಷೆಯ ಗೆರೆ ಹಲಗೆಯಂತೆ ಸಪಾಟಾಗಿ ಮಲಗಿತ್ತು. ಆರುವ ಸುಳಿವೇ ಇಲ್ಲ. ಕಿಟಕಿಗೆ ಹೋದೆ, ಬಂದೆ, ನೀರು ಕುಡಿದೆ, ಮತ್ತೆ ಕಿಟಕಿಗೆ ಹೋದೆ. ಕಪಾಟು ಖಾಲಿ ಮಾಡುತ್ತಿದ್ದ ಮೇಷ್ಟ್ರು ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ ಎಂದು ಕೇಳಿದರು. ಕೊನೆಗೆ ನಕ್ಷೆ ತೋರಿಸಿದೆ.

"ಬಿಡಮ್ಮ," ಎಂದರು. "ನನ್ನ ಕಣ್ಣೇ ಮಂಜಾಗಿದ್ದಿರಬೇಕು." ನಗುತ್ತಲೇ ಅಂದರು. ಆದರೆ ಪುಸ್ತಕದ ಕಟ್ಟಿಗೆ ಸುತ್ತುತ್ತಿದ್ದ ಹುರಿ ಕೈಯಲ್ಲೇ ನಿಂತಿತು.

ನನಗೆ ಕೂರಲಾಗಲಿಲ್ಲ. ಚಿತ್ರಗಳನ್ನೆಲ್ಲ ಪರದೆಯ ಮೇಲೆ ಒಂದರ ಹಿಂದೊಂದು ಓಡಿಸಿದೆ. ಗೆಲಾಕ್ಸಿ ಹಾಗೇ ಇತ್ತು. ಅದರ ಪಕ್ಕದ ನಕ್ಷತ್ರ ಮಾತ್ರ ವರ್ಷದಿಂದ ವರ್ಷಕ್ಕೆ ಹೊಳಪೇರುತ್ತ ಹೋಯಿತು. ಎಂದೂ ಬದಲಾಗದ, ಸಾಧು ನಕ್ಷತ್ರವದು. ಆಗ ಹೊಳೆಯಿತು. ಗೆಲಾಕ್ಸಿಯ ಸುರುಳಿಗಳ ಆಕಾರ ಹೋಲಿಸಲು ಅನುಕೂಲವೆಂದು, ಪ್ರತಿ ಚಿತ್ರದಲ್ಲೂ ನಡುವಿನ ಬೆಳಕು ಒಂದೇ ಮಟ್ಟಕ್ಕೆ ಬರುವಂತೆ ಇಡೀ ಚಿತ್ರದ ಹೊಳಪು ಹಿಗ್ಗಿಸಿಡುವುದು ನಮ್ಮ ಕೋಣೆಯ ರೂಢಿ. ನಾನು ಅಳೆದದ್ದು ಆ ಹಿಗ್ಗಿಸಿದ ಚಿತ್ರಗಳನ್ನು. ಮೇಷ್ಟ್ರಿಗೆ ಹೇಳಿದೆ.

ಮೇಷ್ಟ್ರು ಕನ್ನಡಕ ಮೇಲೆತ್ತಿದರು. "ಕುಳ್ಳನ್ನ ಸ್ಟೂಲ್ ಮೇಲೆ ಹತ್ತಿಸಿ ಎತ್ತರ ಅಳೆದಿದ್ದೀಯಲ್ಲ ತಾಯಿ."

ಮೂಲಚಿತ್ರಗಳನ್ನು ತೆಗೆದೆ. ಪಕ್ಕದ ನಕ್ಷತ್ರವನ್ನೇ ಅಳತೆಗೋಲು ಮಾಡಿಕೊಂಡೆ. ಬೀಳ್ಕೊಡುಗೆಗೆ ಕರೆಯಲು ಆಫೀಸಿನವರು ಎರಡು ಸಲ ಬಾಗಿಲು ತಟ್ಟಿದರು. ಮೇಷ್ಟ್ರು ಎರಡು ಸಲವೂ ಬಂದೆ ಬಂದೆ ಎಂದು ನನ್ನ ಕುರ್ಚಿಯ ಹಿಂದೆಯೇ ನಿಂತರು. ಹೊಸ ನಕ್ಷೆಯಲ್ಲಿ ಹತ್ತನೆಯ ವರ್ಷದ ಚುಕ್ಕಿ ಕೆಳಗೆ ಬಿತ್ತು. ಇಪ್ಪತ್ತನೆಯದು ಇನ್ನೂ ಕೆಳಗೆ. ಕೊನೆಯ ಐದು ತಳದಲ್ಲಿ ಸಾಲಾಗಿ ಸದ್ದಿಲ್ಲದೆ ಕೂತವು.

ಮೂರನೆಯ ಸಲ ಬಾಗಿಲು ತಟ್ಟುವಷ್ಟರಲ್ಲಿ ಪ್ರಿಂಟರಿನಿಂದ ಕಾಗದ ಎಳೆದು, ಬಿಸಿ ಆರುವ ಮುಂಚೆ ಅವರ ಕೈಗಿಟ್ಟೆ.